ಎರಡು ಗಂಟೆಗೊಂದು ಮಗ್ಗುಲು: ಐಸಿಯು ರೋಗಿಯ ಚರ್ಮ ಕಾಯುವ ಬಗೆ

ಕರ್ನಾಟಕದ ಯಾವುದೇ ಜಿಲ್ಲೆಯ ದೊಡ್ಡಾಸ್ಪತ್ರೆಯ ಐಸಿಯು ನೋಡಿ, ಕೀಟನಾಶಕದ ವಿಷ ಮೈಗೇರಿ ವೆಂಟಿಲೇಟರ್ ಮೇಲಿರುವ ರೋಗಿ ಅಲ್ಲಿ ಅಪರೂಪವೇನಲ್ಲ. ಇವರಲ್ಲಿ ಅನೇಕರು ಚಿಕ್ಕ ವಯಸ್ಸಿನವರು, ಹೊಲದಲ್ಲಿ ದುಡಿದು ಗಟ್ಟಿಯಾದ ಮೈಯವರು. ಆರ್ಗನೋಫಾಸ್ಫರಸ್ ಎಂಬ ಬಗೆಯ ಕೀಟನಾಶಕ ದೇಹ ಸೇರಿದ ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಕತ್ತಿನ, ಎದೆಯ, ತೋಳು ತೊಡೆಗಳ ಸ್ನಾಯುಗಳು ಸೋತುಹೋಗುತ್ತವೆ. ಉಸಿರಾಟ ತಾನಾಗಿ ನಡೆಯುವಂತಾಗಲು ವಾರ, ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ವೈದ್ಯರು ಜೀವ ಉಳಿಸುತ್ತಾರೆ, ಗಂಟಲಿನ ಟ್ಯೂಬ್ ತೆಗೆಯುತ್ತಾರೆ, ಹೊರಗೆ ಕಾದವರಿಗೆ ಹೋದ ಜೀವ ಬಂದಂತಾಗುತ್ತದೆ. ಅಷ್ಟರಲ್ಲಿ ಸೊಂಟದ ಕೆಳಗೆ ಅಂಗೈಯಗಲದ ಕಪ್ಪು ಹುಣ್ಣು ಎದ್ದಿದ್ದರೆ ಆತ ಮತ್ತೆ ಹೊಲಕ್ಕೆ ಹೋಗುವುದು ತಿಂಗಳುಗಟ್ಟಲೆ ದೂರದ ಮಾತು.

ಬೆಡ್ ಸೋರ್ ಎಂದರೆ ವರ್ಷಗಟ್ಟಲೆ ಮಲಗಿದ ವೃದ್ಧರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಐಸಿಯುನಲ್ಲಿ ಆ ಲೆಕ್ಕ ನಡೆಯುವುದಿಲ್ಲ. 2018ರಲ್ಲಿ 90 ದೇಶಗಳ 1,117 ಐಸಿಯುಗಳಲ್ಲಿ ಒಂದೇ ದಿನ 13,254 ರೋಗಿಗಳ ಮೈಯನ್ನು ಪರೀಕ್ಷಿಸಿ ನೋಡಿದರು. ನೂರರಲ್ಲಿ ಸುಮಾರು 27 ಮಂದಿಗೆ ಒತ್ತಡದ ಹುಣ್ಣಿತ್ತು. ನೂರರಲ್ಲಿ 16 ಮಂದಿಗೆ ಅದು ಬಂದದ್ದು ಐಸಿಯು ಸೇರಿದ ಮೇಲೆ. ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಂಡಿದ್ದು ಬೆನ್ನುಮೂಳೆಯ ಕೊನೆಯ ಚಪ್ಪಟೆ ಮೂಳೆಯ ಮೇಲೆ, ಅದರ ನಂತರ ಹಿಮ್ಮಡಿಯಲ್ಲಿ.

ಈ ಹುಣ್ಣು ಹುಟ್ಟುವ ಬಗೆ ತಿಳಿದರೆ ತಡೆಯುವ ಪ್ರತಿಯೊಂದು ಕ್ರಮದ ಕಾರಣವೂ ತಾನಾಗಿ ತಿಳಿಯುತ್ತದೆ.

ಚರ್ಮಕ್ಕೆ, ಅದರಡಿಯ ಕೊಬ್ಬಿಗೆ, ಸ್ನಾಯುವಿಗೆ ರಕ್ತ ಮುಟ್ಟಿಸುವುದು ಕೂದಲಿಗಿಂತ ಸಪೂರವಾದ ಲೋಮನಾಳಗಳು. ಇವುಗಳೊಳಗಿನ ಒತ್ತಡ ತೀರಾ ಕಡಿಮೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಆರೋಗ್ಯವಂತರ ಬೆರಳಿನ ಉಗುರಿನ ಬುಡದಲ್ಲಿ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಿಕ್ಕಿತು. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಮಾಂಸದ ಮೇಲೆ ಮೈಭಾರ ಇದಕ್ಕಿಂತ ಹೆಚ್ಚು ಒತ್ತಿದರೆ ನಾಳಗಳು ಮುಚ್ಚಿಕೊಳ್ಳುತ್ತವೆ. ನಿಮಗೂ ನನಗೂ ಇದು ಪ್ರತಿ ರಾತ್ರಿ ಆಗುತ್ತದೆ. ಒತ್ತಿದ ಜಾಗ ಜುಮ್ಮೆನ್ನುತ್ತದೆ, ನಿದ್ದೆಯಲ್ಲೇ ಹೊರಳುತ್ತೇವೆ, ರಕ್ತ ಮತ್ತೆ ಹರಿಯುತ್ತದೆ. ಮಂಪರು ಔಷಧದಲ್ಲಿರುವ ರೋಗಿಗೆ ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ಹೊರಳುವ ಶಕ್ತಿ ಇರುವುದಿಲ್ಲ. ಆ ಹೊರಳುವಿಕೆಯನ್ನು ಅವನ ಪರವಾಗಿ ಬೇರೆ ಯಾರಾದರೂ ಮಾಡಬೇಕು. ಅದು ನರ್ಸ್ ಕೆಲಸ.

32 ಎಂಬ ಅಂಕಿಯನ್ನು ಗೆರೆ ಎಳೆದಂತೆ ನಂಬಬಾರದು. ಅದು ಆರೋಗ್ಯವಂತರ ಬೆರಳಿನದು. ಐಸಿಯು ರೋಗಿಯ ರಕ್ತದೊತ್ತಡ ಕುಸಿದಿರುತ್ತದೆ. ಅದನ್ನು ಎತ್ತಲು ಕೊಡುವ ನಾರ್‌ಅಡ್ರಿನಲಿನ್‌ನಂಥ ಔಷಧಗಳು ಮಿದುಳು, ಹೃದಯಗಳಿಗೆ ರಕ್ತ ಉಳಿಸಲು ಚರ್ಮದ ನಾಳಗಳನ್ನು ಬಿಗಿಯುತ್ತವೆ. ಜ್ವರ ಬಂದಾಗ ಚರ್ಮಕ್ಕೆ ಹೆಚ್ಚು ಆಮ್ಲಜನಕ ಬೇಕು, ಸಿಗುವುದು ಕಡಿಮೆ. ಮೈ ಊದಿಕೊಂಡಾಗ ಆಮ್ಲಜನಕ ನಾಳದಿಂದ ಜೀವಕೋಶಕ್ಕೆ ದಾಟಬೇಕಾದ ದೂರವೂ ಹೆಚ್ಚುತ್ತದೆ. ಇಂಥವರಲ್ಲಿ ಹಾನಿ ಶುರುವಾಗಲು ದಿನಗಳು ಬೇಕಿಲ್ಲ, ಕೆಲವು ಗಂಟೆಗಳೇ ಸಾಕು.

ಜೊತೆಗೆ ಇನ್ನೊಂದು ಬಲವಿದೆ. ವೆಂಟಿಲೇಟರ್ ರೋಗಿಗೆ ನ್ಯುಮೋನಿಯಾ ಬಾರದಿರಲೆಂದು ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿ ಇಡುತ್ತೇವೆ. ರೋಗಿ ಮೆಲ್ಲಗೆ ಕೆಳಕ್ಕೆ ಜಾರುತ್ತಾನೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಕೆಳಕ್ಕೆ ಸರಿಯುತ್ತದೆ. ನಡುವಿನ ನಾಳಗಳು ಎಳೆದು, ತಿರುಚಿ, ಹರಿಯುತ್ತವೆ. ಬರೀ ಒತ್ತಡಕ್ಕಿಂತ ಈ ಜಾರುವ ಎಳೆತ ಹೆಚ್ಚು ಆಳದಲ್ಲಿ ಕೆಡಿಸುತ್ತದೆ. ಸಿಪ್ಪೆ ಚೆನ್ನಾಗಿದ್ದು ಓಟೆಯ ಸುತ್ತ ಕೊಳೆತ ಮಾವಿನಹಣ್ಣಿನ ಹಾಗೆ, ಮೂಳೆಯ ಪಕ್ಕದ ಮಾಂಸ ಮೊದಲು ಸಾಯುತ್ತದೆ, ಮೇಲಿನ ಚರ್ಮ ಒಡೆಯುವುದು ಎರಡು ಮೂರು ದಿನದ ಮೇಲೆ. ಆದ್ದರಿಂದ ಸೋಮವಾರ ಕಂಡ ಹುಣ್ಣಿಗೆ ಕಾರಣ ಶುಕ್ರವಾರದ ಯಾವುದೋ ಪಾಳಿಯಲ್ಲಿ ಇರಬಹುದು. ಸೋಮವಾರದ ಸಿಸ್ಟರನ್ನು ಬೈದರೆ ಏನೂ ಸಿಗುವುದಿಲ್ಲ.

ತಡೆಯುವ ಕೆಲಸ ಕಣ್ಣಿನಿಂದ ಶುರು. ರೋಗಿ ಐಸಿಯುಗೆ ಬಂದ ಕೆಲವೇ ಗಂಟೆಗಳಲ್ಲಿ ಅಡಿಯಿಂದ ಮುಡಿಯವರೆಗೆ ಚರ್ಮ ನೋಡಿ ಬರೆದಿಡಬೇಕು. ಕೀಟನಾಶಕದ ರೋಗಿಗೆ ಇದಕ್ಕೆ ಒಳ್ಳೆಯ ಅವಕಾಶವೊಂದಿದೆ. ಬಟ್ಟೆಗೆ, ಮೈಗೆ, ಕೂದಲಿಗೆ ತಾಗಿದ ವಿಷ ಮತ್ತೆ ಒಳಸೇರದಂತೆ ಬಂದ ಕೂಡಲೇ ಬಟ್ಟೆ ತೆಗೆದು ಸೋಪುನೀರಿನಲ್ಲಿ ಮೈ ತೊಳೆಯುತ್ತೇವಲ್ಲ, ಆಗಲೇ ಬೆನ್ನು, ಹಿಮ್ಮಡಿ ನೋಡಿದರೆ ಬೇರೆ ಸಮಯ ಹುಡುಕಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಸ್ಟ್ರೆಚರ್ ಮೇಲಿದ್ದು, ಆಂಬುಲೆನ್ಸ್‌ನಲ್ಲಿ ಬಂದವರ ಮೈಮೇಲೆ ಗಾಯದ ಮೊದಲ ಗುರುತು ಆಗಲೇ ಇರಬಹುದು. ಅಂದು ಬರೆಯದಿದ್ದರೆ ಮುಂದೆ ಅದು ಎಲ್ಲಿ ಆಯಿತೆಂದು ಹೇಳುವುದು ಅಸಾಧ್ಯ. ಆಮೇಲೆ ಪ್ರತಿ ಪಾಳಿಯಲ್ಲೂ ಒಮ್ಮೆ ಪೂರ್ತಿ ನೋಡಬೇಕು, ಮಗ್ಗುಲು ಬದಲಿಸುವಾಗಲೆಲ್ಲ ಒತ್ತಿದ ಭಾಗವನ್ನು ನೋಡಬೇಕು.

ನೋಡುವುದು ಎಲ್ಲಿ? ಅಂಗಾತ ಮಲಗಿದವರಲ್ಲಿ ತಲೆಯ ಹಿಂಭಾಗ, ಹೆಗಲ ಮೂಳೆ, ಮೊಣಕೈ, ಸೊಂಟದ ಕೆಳಗಿನ ಚಪ್ಪಟೆ ಮೂಳೆ, ಹಿಮ್ಮಡಿ. ಮಗ್ಗುಲಾಗಿ ಮಲಗಿದವರಲ್ಲಿ ಕಿವಿ, ಭುಜ, ಸೊಂಟದ ಪಕ್ಕದ ಮೂಳೆ, ಮಂಡಿಯ ಬದಿ, ಪಾದದ ಗಂಟು. ತಲೆಯ ಹಿಂಭಾಗವನ್ನು ಬಹಳ ಜನ ಮರೆಯುತ್ತಾರೆ. ದಟ್ಟ ಕೂದಲಿನ ಹೆಣ್ಣುಮಕ್ಕಳಲ್ಲಿ ಜಡೆಯ ಗಂಟೇ ಅಲ್ಲಿ ಒತ್ತುತ್ತಿರುತ್ತದೆ. ಜಡೆಯನ್ನು ಪಕ್ಕಕ್ಕೆ ಹಾಕಿ, ಕೂದಲು ಬಿಡಿಸಿ, ಬೆರಳಿನಿಂದ ತಡವಿ ನೋಡಬೇಕು.

ಕೆಂಪಾದ ಜಾಗ ಕಂಡರೆ ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ, ಆ ಭಾಗದ ಭಾರ ತಪ್ಪಿಸಿದರೆ ಸರಿಹೋಗುತ್ತದೆ. ಒತ್ತಿದರೂ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಮೊದಲ ಹಂತದ ಹುಣ್ಣು, ಚರ್ಮ ಒಡೆಯದಿದ್ದರೂ ಸರಿಯೇ. ಮೇಲ್ಪದರ ಕಿತ್ತರೆ ಅಥವಾ ನೀರುಗುಳ್ಳೆ ಎದ್ದರೆ ಎರಡನೆಯದು. ಕೊಬ್ಬು ಕಂಡರೆ ಮೂರನೆಯದು, ಸ್ನಾಯುವೋ ಮೂಳೆಯೋ ಕಂಡರೆ ನಾಲ್ಕನೆಯದು. ಚರ್ಮ ಇದ್ದಂತೆಯೇ ಇದ್ದು ನೇರಳೆ ಅಥವಾ ಕಡುಗಪ್ಪು ಕಲೆ ಕಂಡರೆ ಒಳಗಿನ ಮಾಂಸ ಆಗಲೇ ಹಾಳಾಗಿದೆ ಎಂದು ಹಿಡಿಯಬೇಕು.

ಒಂದು ಮುಖ್ಯ ವಿಷಯ ಇಲ್ಲಿದೆ. 'ಕೆಂಪಾಗುತ್ತದೆ' ಎಂಬ ವಿವರಣೆ ಬಿಳಿ ಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಕಪ್ಪು, ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದೇ ಇಲ್ಲ, ಒತ್ತಿದರೆ ಬಿಳಿಚುವುದೂ ಕಾಣುವುದಿಲ್ಲ. ಹೀಗಾಗಿ ನಮ್ಮ ರೋಗಿಗಳಲ್ಲಿ ಮೊದಲ ಹಂತ ತಪ್ಪಿಹೋಗಿ, ನೇರವಾಗಿ ಒಡೆದ ಹುಣ್ಣೇ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಪರಿಹಾರ ಕೈಯಲ್ಲಿದೆ. ಬೆರಳಿನ ಹಿಂಭಾಗವನ್ನು ಆ ಜಾಗಕ್ಕೂ ಪಕ್ಕದ ಚರ್ಮಕ್ಕೂ ಒಂದಾದಮೇಲೊಂದು ತಾಗಿಸಿ. ಹೆಚ್ಚು ಬಿಸಿ ಇದೆಯೇ, ತಣ್ಣಗಾಗಿದೆಯೇ, ಗಟ್ಟಿ ಕಟ್ಟಿದೆಯೇ, ಇಲ್ಲ ಒತ್ತಿದರೆ ಒಳಕ್ಕೆ ಹೋಗುವಷ್ಟು ಮೆತ್ತಗಿದೆಯೇ? ಒಳ್ಳೆಯ ಬೆಳಕಿನಲ್ಲಿ ನೋಡಿದರೆ ಸುತ್ತಲಿಗಿಂತ ಕಡುಬಣ್ಣ ಇಲ್ಲವೇ ಮಿರುಗು ಕಾಣುತ್ತದೆ. ಎಚ್ಚರವಿರುವ ರೋಗಿಯನ್ನು ಕೇಳಬಹುದು, ಅಲ್ಲಿ ನೋಯುತ್ತಿದೆಯೇ ಎಂದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪುಸ್ತಕದ ಕೆಂಪು ಚಿತ್ರ ತೋರಿಸಿ ಬಿಟ್ಟುಬಿಡುವ ಬದಲು ವಾರ್ಡಿನಲ್ಲಿ ಕೈ ಹಿಡಿದು ಈ ವ್ಯತ್ಯಾಸವನ್ನು ಮುಟ್ಟಿಸಿ ಕಲಿಸಬೇಕು.

ಅಪಾಯ ಅಳೆಯಲು ಅಂಕದ ಪಟ್ಟಿಗಳಿವೆ. ಡೊರೀನ್ ನಾರ್ಟನ್ ಇಂಗ್ಲೆಂಡಿನಲ್ಲಿ 1962ರಲ್ಲಿ ಮೊದಲನೆಯದನ್ನು ಕೊಟ್ಟರು. ಈಗ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ರೂಪಿಸಿದ ಬ್ರೇಡನ್ ಸ್ಕೇಲ್. ನೋವು ತಿಳಿಯುವ ಶಕ್ತಿ, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಉಜ್ಜಾಟ ಮತ್ತು ಜಾರುವಿಕೆ ಎಂಬ ಆರು ಅಂಶಗಳಿಗೆ ಅಂಕ ಕೊಡುತ್ತಾರೆ. ಒಟ್ಟು 6ರಿಂದ 23. 18ಕ್ಕಿಂತ ಮೇಲೇರದಿದ್ದರೆ ಅಪಾಯ, 12 ಮತ್ತು ಅದಕ್ಕೂ ಕಡಿಮೆಯಾದರೆ ಹೆಚ್ಚಿನ ಅಪಾಯ. ವೆಂಟಿಲೇಟರ್ ಮೇಲಿರುವ ಬಹುತೇಕ ಎಲ್ಲರೂ ಈ ಹೆಚ್ಚಿನ ಅಪಾಯದ ಸಾಲಿಗೇ ಬರುತ್ತಾರೆ. ಅಂದಮೇಲೆ ಐಸಿಯುನಲ್ಲಿ ಒಟ್ಟು ಅಂಕಕ್ಕಿಂತ ಯಾವ ಅಂಶಕ್ಕೆ ಎಷ್ಟು ಬಿತ್ತು ಎಂಬುದೇ ಕೆಲಸಕ್ಕೆ ಬರುವುದು. ತೇವಕ್ಕೆ ಒಂದು ಅಂಕ ಬಿದ್ದವನ ಉಪಚಾರ ಬೇರೆ, ಆಹಾರಕ್ಕೆ ಒಂದು ಬಿದ್ದವನ ಉಪಚಾರ ಬೇರೆ. ಒಟ್ಟು ಮೊತ್ತ ಬರೆದು ಸಹಿ ಹಾಕಿ ಚಾರ್ಟ್ ಮುಚ್ಚಿಟ್ಟರೆ ಆ ಕಾಗದದಿಂದ ರೋಗಿಗೆ ಏನೂ ಸಿಗುವುದಿಲ್ಲ.

ಇನ್ನು ಮಗ್ಗುಲು ಬದಲಿಸುವ ವಿಚಾರ. ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಹುಣ್ಣು, ಸೋಂಕುಗಳಿಂದಲೇ ಸಾಯುತ್ತಿದ್ದ ಕಾಲದಲ್ಲಿ, 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಹೊಸ ವಿಭಾಗದ ಹೊಣೆ ಹೊತ್ತ ಡಾ. ಲುಡ್ವಿಗ್ ಗುಟ್ಮನ್ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಲೇಬೇಕೆಂಬ ಕಟ್ಟುನಿಟ್ಟು ತಂದರು. ಆ ಎರಡು ಗಂಟೆಯ ಲೆಕ್ಕ ಇಂದಿಗೂ ನಡೆದಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮಗಳ ನಿವಾಸಿಗಳನ್ನು ಒಳ್ಳೆಯ ಫೋಮ್ ಹಾಸಿಗೆಯ ಮೇಲೆ ಮಲಗಿಸಿ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿ ನೋಡಿದಾಗ ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ನಮ್ಮ ಐಸಿಯುಗಳಲ್ಲಿ ನಾಲ್ಕು ಗಂಟೆಗೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿದ್ದವರು ರಕ್ತದೊತ್ತಡ ಕುಸಿದ ವೆಂಟಿಲೇಟರ್ ರೋಗಿಗಳಲ್ಲ, ನಮ್ಮ ಎಲ್ಲ ಹಾಸಿಗೆಗಳೂ ಅಂಥ ಫೋಮಿನವಲ್ಲ. ಎರಡು ಗಂಟೆಯಾದರೂ ಕೆಂಪು ಮಾಯದಿದ್ದರೆ ಆ ರೋಗಿಗೆ ಎರಡು ಗಂಟೆಯೂ ಹೆಚ್ಚು. ಸಮಯ ನಿಗದಿ ಮಾಡಬೇಕಾದ್ದು ಅವನ ಚರ್ಮ.

ಹೊರಳಿಸುವ ರೀತಿಯನ್ನು ಹತ್ತಿರದಿಂದ ನೋಡೋಣ. ಒಬ್ಬರಿಂದ ಆಗುವ ಕೆಲಸವಲ್ಲ. ಕನಿಷ್ಠ ಇಬ್ಬರು, ಗಂಟಲಿನಲ್ಲಿ ಟ್ಯೂಬ್ ಇದ್ದರೆ ಅದನ್ನು ಹಿಡಿಯಲು ತಲೆಯ ಬಳಿ ಮತ್ತೊಬ್ಬರು. ರೋಗಿ ಮಂಪರಿನಲ್ಲಿದ್ದರೂ 'ಅಣ್ಣಾ, ಈಗ ಎಡಗಡೆಗೆ ಮಗ್ಗುಲು ಮಾಡ್ತೀವಿ' ಎಂದು ಹೇಳಿಯೇ ಮುಟ್ಟುವುದು. ಬಾಯಿ, ಗಂಟಲಿನ ಕಫ ಎಳೆದು, ಮಂಚವನ್ನು ಚಪ್ಪಟೆ ಮಾಡುವಷ್ಟು ಹೊತ್ತು ಮೂಗಿನ ನಳಿಕೆಯ ಆಹಾರ ನಿಲ್ಲಿಸಿ, ಮೂತ್ರದ ಚೀಲ, ಡ್ರಿಪ್‌ಗಳು ಎತ್ತ ಸಾಗಬೇಕೆಂದು ನೋಡಿಕೊಂಡು ಶುರು ಮಾಡಬೇಕು. ಸೊಂಟದ ಕೆಳಗೆ ಹಾಸಿದ ಡ್ರಾ ಶೀಟಿನ ಎರಡೂ ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, ರೋಗಿಯನ್ನು ಎತ್ತಿ ಸರಿಸಬೇಕು. ಕಂಕುಳಲ್ಲಿ ಕೈಹಾಕಿ ದರದರ ಎಳೆದರೆ ಹಿಮ್ಮಡಿ, ಮೊಣಕೈ ಚರ್ಮ ಬೆಡ್‌ಶೀಟಿಗೆ ಉಜ್ಜಿ ಕಿತ್ತುಬರುತ್ತದೆ.

ಪೂರ್ತಿ 90 ಡಿಗ್ರಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಇಡೀ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಭಾರ ಪೃಷ್ಠದ ಮಾಂಸಲ ಭಾಗಕ್ಕೆ ಹಂಚಿಹೋಗುತ್ತದೆ, ಸೊಂಟದ ಪಕ್ಕದ ಮೂಳೆ, ಕೆಳಗಿನ ಚಪ್ಪಟೆ ಮೂಳೆ ಎರಡೂ ಉಳಿಯುತ್ತವೆ. ದಿಂಬು ಕೊಟ್ಟ ಮೇಲೆ ಕೈಯನ್ನು ಸೊಂಟದ ಕೆಳಗೆ ತೂರಿಸಿ ಆ ಚಪ್ಪಟೆ ಮೂಳೆ ಹಾಸಿಗೆಯಿಂದ ನಿಜಕ್ಕೂ ಬಿಡಿಸಿಕೊಂಡಿದೆಯೇ ಎಂದು ನೋಡಿ. ಬಹಳ ಸಲ ದಿಂಬು ಹೆಗಲಿಗೆ ಮಾತ್ರ ಸಿಕ್ಕಿ, ಸೊಂಟ ಇದ್ದಲ್ಲೇ ಇರುತ್ತದೆ, ಚಾರ್ಟಿನಲ್ಲಿ 'ಎಡ ಮಗ್ಗುಲು' ಎಂದು ಬಿದ್ದಿರುತ್ತದೆ. ಅದೇ ಕೈ ಮೈಯಡಿಯಲ್ಲಿ ಇನ್ನೊಂದನ್ನೂ ಹುಡುಕಬೇಕು. ಸಿರಿಂಜಿನ ಮುಚ್ಚಳ, ಇಸಿಜಿ ವೈರು, ಬೆಡ್‌ಶೀಟಿನ ನೆರಿಗೆ, ಮೂತ್ರದ ನಳಿಕೆ ಬೆನ್ನಡಿಯಲ್ಲಿ ಸಿಕ್ಕಿಕೊಂಡು ತಮ್ಮದೇ ಆಕಾರದಲ್ಲಿ ಗಾಯ ಮಾಡುತ್ತವೆ. ಕಿವಿ ಮಡಚಿಕೊಂಡಿರಬಾರದು, ಎರಡು ಮಂಡಿಗಳ ನಡುವೆ ದಿಂಬಿರಬೇಕು. ಮತ್ತೆ ತಲೆಭಾಗ ಎತ್ತುವ ಮೊದಲು ಮಂಚದ ಮಂಡಿಭಾಗವನ್ನು ಸ್ವಲ್ಪ ಎತ್ತಿದರೆ ರೋಗಿ ಕೆಳಕ್ಕೆ ಜಾರುವುದಿಲ್ಲ.

ಹಿಮ್ಮಡಿಗೆ ಪ್ರತ್ಯೇಕ ಗಮನ ಬೇಕು. ಅಲ್ಲಿ ಮೂಳೆಯ ಮೇಲೆ ಮಾಂಸವೇ ಇಲ್ಲ. ಉದ್ದ ದಿಂಬನ್ನು ಮೀನಖಂಡದ ಉದ್ದಕ್ಕೂ ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು, ಮಂಡಿ ಕೊಂಚ ಬಾಗಿರಬೇಕು. ಹಿಮ್ಮಡಿಗೂ ಹಾಸಿಗೆಗೂ ನಡುವೆ ಒಂದು ಹಾಳೆ ಸಲೀಸಾಗಿ ಓಡಾಡಬೇಕು. ನಾನು ನೋಡಿದ ಉಪಾಯಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಫಲ ಕೊಡುವಂಥದ್ದು ಬೇರೊಂದಿಲ್ಲ.

'ಪೇಷೆಂಟ್ ಅನ್‌ಸ್ಟೇಬಲ್, ತಿರುಗಿಸಬೇಡಿ' ಎಂಬ ಮಾತು ಐಸಿಯುನಲ್ಲಿ ಆಗಾಗ ಕೇಳುತ್ತದೆ. ಕೆಲವರ ವಿಷಯದಲ್ಲಿ ಅದು ನಿಜ. ಆದರೆ ಬೆಳಗ್ಗೆ ಹೇಳಿದ ಆ ಮಾತು ರಾತ್ರಿಯವರೆಗೂ ನಡೆದುಬಿಡುವುದು ತಪ್ಪು. ಹೊರಳಿಸಿದ ಕೂಡಲೇ ರಕ್ತದೊತ್ತಡ ಇಳಿದರೆ ಗಾಬರಿಯಾಗಿ ಹಿಂದಕ್ಕೆ ತಿರುಗಿಸುತ್ತಾರೆ. ಎಷ್ಟೋ ರೋಗಿಗಳಲ್ಲಿ ಐದು ಹತ್ತು ನಿಮಿಷದಲ್ಲಿ ಅದು ತಾನಾಗಿ ಮೊದಲಿನ ಮಟ್ಟಕ್ಕೆ ಬರುತ್ತದೆ, ವೈದ್ಯರು ಪಕ್ಕದಲ್ಲಿದ್ದು ಮಾನಿಟರ್ ನೋಡುತ್ತ ಕಾದರೆ ಗೊತ್ತಾಗುತ್ತದೆ. ನಿಧಾನವಾಗಿ, ಹಂತಹಂತವಾಗಿ ತಿರುಗಿಸಿದರೆ ಇನ್ನೂ ಒಳ್ಳೆಯದು. ಅದೂ ಆಗದವರಿಗೆ ಒಂದು ಭುಜದಡಿ ಸಣ್ಣ ಟವೆಲ್ ಮಡಚಿ ಇಡುವುದು, ಅರ್ಧ ಗಂಟೆಯ ಮೇಲೆ ಅದನ್ನು ಸೊಂಟದ ಪಕ್ಕಕ್ಕೆ ಒಯ್ಯುವುದು, ತಲೆಯನ್ನು ಈ ಕಡೆಯಿಂದ ಆ ಕಡೆಗೆ ಇಡುವುದು, ಕಾಲು ಎತ್ತಿ ಇಡುವುದು. ಇಂಥ ಸಣ್ಣ ಕದಲಿಕೆಗಳು ಪೂರ್ತಿ ಹೊರಳಿಕೆಗೆ ಸಮವಲ್ಲ, ಆದರೂ ಬರಿದೇ ಬಿಡುವುದಕ್ಕಿಂತ ಎಷ್ಟೋ ಮೇಲು. ಮತ್ತೆ ತಿರುಗಿಸಬಹುದೇ ಎಂದು ಪ್ರತಿ ಪಾಳಿಯಲ್ಲೂ ವೈದ್ಯರನ್ನು ಕೇಳಬೇಕು.

ಐಸಿಯು ಹುಣ್ಣುಗಳಲ್ಲಿ ಒಂದು ಪಾಲು ಹಾಸಿಗೆಯಿಂದ ಬರುವುದೇ ಇಲ್ಲ, ಉಪಕರಣಗಳಿಂದ ಬರುತ್ತದೆ. ಗಂಟಲಿನ ಟ್ಯೂಬ್ ತುಟಿಯ ಮೂಲೆಯಲ್ಲಿ ಒತ್ತುತ್ತದೆ. ಅದನ್ನು ನಿಯಮಿತವಾಗಿ ಬಾಯಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ದು ಕಟ್ಟಬೇಕು, ಕಟ್ಟುವ ಮುಂಚೆ ಟ್ಯೂಬಿನ ಮೇಲಿನ ಸೆಂಟಿಮೀಟರ್ ಗುರುತನ್ನು ನೋಡಿಟ್ಟುಕೊಳ್ಳಬೇಕು. ಮೂಗಿನ ನಳಿಕೆಯನ್ನು ಹೊಳ್ಳೆಯ ಅಂಚಿಗೆ ಎಳೆದು ಅಂಟಿಸಿದರೆ ಅಂಚು ಕೊರೆದುಹೋಗುತ್ತದೆ. ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವು ಪಡೆಯುವವರಲ್ಲಿ ಮೂಗಿನ ಸೇತುವೆ ಕೆಲವೇ ಗಂಟೆಗಳಲ್ಲಿ ಕೆಂಪೇರುತ್ತದೆ. ಪಟ್ಟಿ ಬಿಗಿದಷ್ಟೂ ಗಾಳಿ ಸೋರದು ಎಂಬುದು ತಪ್ಪು ಎಣಿಕೆ, ಸರಿಯಾದ ಅಳತೆಯ ಮಾಸ್ಕ್ ಹುಡುಕುವುದೇ ದಾರಿ. ಆಮ್ಲಜನಕದ ನಳಿಕೆ ಕಿವಿಯ ಹಿಂದೆ, ಬೆರಳಿಗೆ ಹಾಕಿದ ಕ್ಲಿಪ್ ಉಗುರಿನ ಬಳಿ, ಕತ್ತಿನ ಕಾಲರ್ ಗಲ್ಲದಡಿ ಮತ್ತು ತಲೆಯ ಹಿಂದೆ ಹೀಗೇ ಮಾಡುತ್ತವೆ. ಕೀಟನಾಶಕದ ರೋಗಿಗೆ ವಿಷ ಇಳಿಸಲು ಕೊಡುವ ಅಟ್ರೋಪಿನ್ ಹೆಚ್ಚಾದಾಗ ಭ್ರಮೆ ಹಿಡಿದು ಕೈಕಾಲು ಬಡಿಯುತ್ತಾನೆ, ಟ್ಯೂಬ್ ಕೀಳದಿರಲೆಂದು ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟುತ್ತಾರೆ. ಕಟ್ಟಿದ ಮಣಿಕಟ್ಟನ್ನು ಬಿಚ್ಚಿ ನೋಡದೆ ಬಿಟ್ಟರೆ ಅಲ್ಲೊಂದು ಉಂಗುರದ ಗಾಯ, ಬಡಿದ ಹಿಮ್ಮಡಿಯಲ್ಲಿ ಇನ್ನೊಂದು.

ಶ್ವಾಸಕೋಶ ತೀವ್ರವಾಗಿ ಕೆಟ್ಟಾಗ ರೋಗಿಯನ್ನು ದಿನಕ್ಕೆ 16 ಗಂಟೆ ಅಥವಾ ಹೆಚ್ಚು ಬೋರಲು ಮಲಗಿಸುವ ಪದ್ಧತಿ ಕೋವಿಡ್ ಕಾಲದಲ್ಲಿ ಎಲ್ಲ ಕಡೆ ಬಳಕೆಗೆ ಬಂತು. ಆಗ ಹಣೆ, ಕೆನ್ನೆ, ಗಲ್ಲ, ಎದೆ, ಮಂಡಿಗಳೇ ಒತ್ತುವ ಜಾಗಗಳು. ಬೋರಲು ಹಾಕುವ ಮೊದಲೇ ಅಲ್ಲಿ ಫೋಮ್ ಡ್ರೆಸ್ಸಿಂಗ್ ಅಂಟಿಸಿ, ಎರಡು ಮೂರು ಗಂಟೆಗೊಮ್ಮೆ ಮುಖದ ದಿಕ್ಕು ಬದಲಿಸಬೇಕು. ಸೊಂಟಕ್ಕೂ ಹಿಮ್ಮಡಿಗೂ ಮುಂಚಿತವಾಗಿಯೇ ಸಿಲಿಕೋನ್ ಅಂಟಿನ ಬಹುಪದರದ ಫೋಮ್ ಡ್ರೆಸ್ಸಿಂಗ್ ಹಾಕುವುದರಿಂದ ಹುಣ್ಣು ಕಡಿಮೆಯಾಗುತ್ತದೆ ಎಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 440 ರೋಗಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು: ಹಾಕದವರಲ್ಲಿ ನೂರಕ್ಕೆ 13, ಹಾಕಿದವರಲ್ಲಿ 3. ಅಂಟಿಸಿ ಮರೆಯುವಂತಿಲ್ಲ, ಅಂಚನ್ನು ಬಿಡಿಸಿ ದಿನವೂ ಒಳಗಿನ ಚರ್ಮ ನೋಡಿ ಮತ್ತೆ ಅಂಟಿಸಬೇಕು. ದುಬಾರಿ ವಸ್ತುವಾದ್ದರಿಂದ ಎಲ್ಲರಿಗೂ ಆಗದಿದ್ದರೆ ಬ್ರೇಡನ್ ಅಂಕ ಅತಿ ಕಡಿಮೆ ಇರುವವರಿಗೆ ಮೊದಲು.

ತೇವ ಚರ್ಮದ ಇನ್ನೊಬ್ಬ ಶತ್ರು. ಆರ್ಗನೋಫಾಸ್ಫರಸ್ ವಿಷ ಬೆವರು, ಭೇದಿ ಎರಡನ್ನೂ ತರುತ್ತದೆ. ಭೇದಿ ತಾಗಿದ ಚರ್ಮ ನೆನೆದು, ಉರಿದು, ಸ್ವಲ್ಪ ಉಜ್ಜಿದರೂ ಸಿಪ್ಪೆಯೇಳುತ್ತದೆ. ಮಗ್ಗುಲು ಬದಲಿಸುವಾಗಲೆಲ್ಲ ನೋಡಿ, ಮೆದು ಸೋಪಿನಿಂದ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮನ್ನೋ ವ್ಯಾಸಲಿನನ್ನೋ ತೆಳುವಾಗಿ ಹಚ್ಚಬೇಕು. ಡೈಪರನ್ನು ಬಿಗಿದು ಮುಚ್ಚಿದರೆ ಒಳಗೆ ಬಿಸಿ, ತೇವ ಎರಡೂ ನಿಲ್ಲುತ್ತವೆ, ಕೆಳಗೆ ಪ್ಯಾಡ್ ಹಾಸಿ ತೆರೆದಿಡುವುದು ವಾಸಿ. ಮಲಮೂತ್ರದಿಂದಾದ ಉರಿಗಾಯ ಸಾಮಾನ್ಯವಾಗಿ ಚರ್ಮದ ಮಡಿಕೆಗಳಲ್ಲಿ ಹರಡಿಕೊಂಡಿರುತ್ತದೆ, ಒತ್ತಡದ ಹುಣ್ಣು ಮೂಳೆಯ ಮೇಲೆ ಗೆರೆ ಕೊರೆದಂತೆ ಇರುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಕೆಲವು ಹಳೆಯ ರೂಢಿಗಳನ್ನು ಈಗ ಬಿಡಲೇಬೇಕು. 'ಬ್ಯಾಕ್ ಕೇರ್' ಎಂದು ಸ್ಪಿರಿಟ್ ಹಚ್ಚಿ, ತಿಕ್ಕಿ, ಮೇಲೆ ಪೌಡರ್ ಚಿಮುಕಿಸುವುದನ್ನು ನಮ್ಮ ನರ್ಸಿಂಗ್ ಶಾಲೆಗಳಲ್ಲಿ ತಲೆಮಾರುಗಳಿಂದ ಕಲಿಸಿದ್ದಾರೆ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ಮರಳಿನಂತಾಗಿ ಉಜ್ಜುತ್ತದೆ. ಕೆಂಪಾದ ಮೂಳೆಯ ಮೇಲೆ ತಿಕ್ಕಿದರೆ ಆಗಲೇ ನೊಂದ ಒಳಗಿನ ನಾಳಗಳು ಹರಿಯುತ್ತವೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯಡಿ ಇಡುವುದು ಇನ್ನೊಂದು ರೂಢಿ. ಅಷ್ಟು ಪುಟ್ಟ ಚೀಲ ಭಾರ ಹಂಚುವುದಿಲ್ಲ, ಹಿಮ್ಮಡಿ ಅದನ್ನು ಒತ್ತಿ ಹಾಸಿಗೆಗೇ ತಾಗುತ್ತದೆ. ಗಾಳಿ ತುಂಬಿದ ರಿಂಗ್ ನಡುವೆ ಖಾಲಿ ಬಿಟ್ಟಂತೆ ಕಂಡರೂ ಸುತ್ತಲಿನ ಅಂಚಿನಲ್ಲಿ ಒತ್ತಿ ನಡುವಿನ ಭಾಗಕ್ಕೆ ರಕ್ತ ಬರುವ ದಾರಿಯನ್ನೇ ಕಟ್ಟುತ್ತದೆ. ಇವನ್ನೆಲ್ಲ ಪ್ರೀತಿಯಿಂದ, ನಿಷ್ಠೆಯಿಂದ ಮಾಡಿದ ಹಿರಿಯ ಸಿಸ್ಟರುಗಳ ಶ್ರಮದ ಮೇಲೆ ನನಗೆ ಗೌರವವಿದೆ, ಅವರು ಬೆನ್ನು ನೋಡುತ್ತಿದ್ದರಲ್ಲ, ಆ ಅಭ್ಯಾಸವನ್ನು ಉಳಿಸಿಕೊಂಡು ಸ್ಪಿರಿಟ್ ಬಾಟಲಿಯನ್ನು ಬದಿಗಿಡೋಣ.

ಏರ್ ಬೆಡ್ ಹಾಕಿದ್ದೇವೆ, ಇನ್ನು ಭಯವಿಲ್ಲ ಎಂಬ ನೆಮ್ಮದಿಯೂ ಅಪಾಯದ್ದೇ. ಗಾಳಿಯ ಕೋಶಗಳು ಒಂದಾದಮೇಲೊಂದು ಉಬ್ಬಿ ಇಳಿದು ಒತ್ತುವ ಜಾಗ ಬದಲಾಗುತ್ತದೆ ನಿಜ, ಆದರೆ ಅದು ಮಗ್ಗುಲು ಬದಲಿಸುವುದಕ್ಕೆ ಸಹಾಯ ಮಾತ್ರ. ಪಂಪ್ ಆಫ್ ಆಗಿದ್ದೂ ಯಾರಿಗೂ ತಿಳಿಯದ ಹಾಸಿಗೆಗಳಿವೆ. ದಿನಕ್ಕೊಮ್ಮೆ ಅಂಗೈಯನ್ನು ಹಾಸಿಗೆಯಡಿ, ರೋಗಿಯ ಸೊಂಟದ ನೇರಕ್ಕೆ ತೂರಿಸಿ ನೋಡಬೇಕು. ಕೈಗೂ ಮೈಗೂ ನಡುವೆ ಎರಡೂವರೆ ಸೆಂಟಿಮೀಟರಾದರೂ ಗಾಳಿಯ ಆಧಾರ ಸಿಗದಿದ್ದರೆ ರೋಗಿ ಮಂಚದ ಮೇಲೇ ಮಲಗಿದ್ದಾನೆ. ಅದರ ಮೇಲೆ ರೆಕ್ಸಿನ್, ಎರಡು ಬೆಡ್‌ಶೀಟ್, ಕಂಬಳಿ ಎಂದು ಪದರ ಪೇರಿಸಿದರೆ ಹಾಸಿಗೆಯ ಗುಣವೇ ಹೋಗುತ್ತದೆ. ಒಂದೇ ಶೀಟ್, ಸಡಿಲವಾಗಿ.

ಆಹಾರದ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಹುಣ್ಣಿನ ಅಪಾಯ ಇರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಒಪ್ಪಿತ ಸಲಹೆ. 60 ಕಿಲೋ ತೂಕದವನಿಗೆ 75ರಿಂದ 90 ಗ್ರಾಂ. ಅಕ್ಕಿ ಗಂಜಿಯ ತಿಳಿಯನ್ನು ನಳಿಕೆಯಲ್ಲಿ ಬಿಟ್ಟು ಇದನ್ನು ತುಂಬಿಸಲಾಗದು. ಒಂದು ಮೊಟ್ಟೆಯಲ್ಲಿ ಸಿಗುವುದೇ ಆರು ಗ್ರಾಂ. ಮೂತ್ರಪಿಂಡ, ಯಕೃತ್ತಿನ ತೊಂದರೆ ಇದ್ದರೆ ವೈದ್ಯರು, ಆಹಾರತಜ್ಞರು ಪ್ರಮಾಣ ಬದಲಿಸುತ್ತಾರೆ. ಸ್ಕ್ಯಾನಿಗೆಂದು ನಿಲ್ಲಿಸಿದ ಫೀಡ್ ಮತ್ತೆ ಯಾವಾಗ ಶುರುವಾಯಿತು ಎಂಬುದರ ಮೇಲೆ ನರ್ಸ್ ಕಣ್ಣಿರಬೇಕು.

ಇಷ್ಟೆಲ್ಲ ಮಾಡಲು ಕೈಗಳು ಬೇಕು. ಎಂಟು ಹಾಸಿಗೆಯ ಐಸಿಯುನ ಲೆಕ್ಕ ಹಾಕೋಣ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಒಬ್ಬರಿಗೆ 12 ಸಲ, ಎಂಟು ಮಂದಿಗೆ 96 ಸಲ. ಚರ್ಮ ನೋಡಿ, ಒರೆಸಿ, ದಿಂಬು ಕೊಟ್ಟು ಮುಗಿಸಲು ಹತ್ತು ನಿಮಿಷವೆಂದು ಹಿಡಿದರೂ 16 ಗಂಟೆ. ಇಬ್ಬರು ಬೇಕಾದ್ದರಿಂದ 32 ಗಂಟೆಯ ದುಡಿಮೆ. ಅಂದರೆ ಎಂಟು ಗಂಟೆಯ ನಾಲ್ಕು ಪಾಳಿಗಳಷ್ಟು ಕೆಲಸ ಬರೀ ಇದಕ್ಕೇ ಬೇಕು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ತಜ್ಞರ ಸಲಹೆ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರಿಗೆ ಮೂರು ನಾಲ್ಕು ರೋಗಿಗಳನ್ನು ಕೊಟ್ಟು, ಆಯಾ ಅಥವಾ ವಾರ್ಡ್ ಬಾಯ್ ಕೂಡ ಇಲ್ಲದಿದ್ದರೆ ಚಾರ್ಟಿನಲ್ಲಿ ಹೊರಳಿಕೆ ನಡೆಯುತ್ತದೆ, ಹಾಸಿಗೆಯಲ್ಲಿ ನಡೆಯುವುದಿಲ್ಲ. ಆಸ್ಪತ್ರೆ ನಡೆಸುವವರು ಏರ್ ಬೆಡ್ ಕೊಳ್ಳುವುದಕ್ಕಿಂತ ಮೊದಲು ಈ ಲೆಕ್ಕ ನೋಡಬೇಕು.

ಇದರ ಹೊಣೆ ಯಾರದು ಎಂಬ ವಾದ ಹಳೆಯದು. 1859ರಲ್ಲೇ ಫ್ಲಾರೆನ್ಸ್ ನೈಟಿಂಗೇಲ್, ಹಾಸಿಗೆ ಹುಣ್ಣನ್ನು ಸಾಮಾನ್ಯವಾಗಿ ರೋಗದ ತಪ್ಪಾಗಿ ಕಾಣದೆ ಶುಶ್ರೂಷೆಯ ತಪ್ಪಾಗಿ ಕಾಣಬೇಕು ಎಂದು ಬರೆದರು. ಅದೇ ಶತಮಾನದಲ್ಲಿ ಪ್ಯಾರಿಸ್ಸಿನ ನರತಜ್ಞ ಶಾರ್ಕೊ, ನರಗಳು ಕೆಟ್ಟಾಗ ಹುಣ್ಣು ಬಂದೇ ಬರುತ್ತದೆ, ತಡೆಯುವಂತಿಲ್ಲ ಎಂದ. ಇಂದಿನ ತಿಳಿವಳಿಕೆ ಬಹುಮಟ್ಟಿಗೆ ನೈಟಿಂಗೇಲ್ ಕಡೆಗಿದೆ, ಆದರೂ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಕೆಲವು ರೋಗಿಗಳಲ್ಲಿ ಹುಣ್ಣಾಗುತ್ತದೆ ಎಂಬುದನ್ನೂ ಒಪ್ಪಿಕೊಂಡಿದೆ. ಭಾರತದಲ್ಲಿ ಗುಣಮಟ್ಟಕ್ಕಾಗಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳು ದಾಖಲಾದ ಮೇಲೆ ಆದ ಹುಣ್ಣುಗಳ ಲೆಕ್ಕ ಇಡಬೇಕು. ಒಳ್ಳೆಯ ನಿಯಮ. ಆದರೆ ಹುಣ್ಣು ವರದಿ ಮಾಡಿದ ನರ್ಸಿಗೆ ಮೆಮೊ ಕೊಟ್ಟರೆ ಮುಂದಿನ ಹುಣ್ಣು ಚಾರ್ಟಿನಲ್ಲಿ ಕಾಣಿಸುವುದಿಲ್ಲ, ಸಂಖ್ಯೆ ಮಾತ್ರ ಸೊನ್ನೆಗೆ ಇಳಿಯುತ್ತದೆ. ಮೊದಲ ಹಂತದಲ್ಲೇ ಕಂಡು ಹೇಳಿದ ಸಿಸ್ಟರಿಗೆ ಶಹಬ್ಬಾಸ್ ಸಿಗಬೇಕು.

ಐಸಿಯು ಬಾಗಿಲಾಚೆ ಕುಳಿತಿರುವ ಮನೆಯವರಿಗೆ ಕೊನೆಯದಾಗಿ ಒಂದು ಮನವಿ. ನೋಡಲು ಬಿಡುವ ಹತ್ತು ನಿಮಿಷದಲ್ಲಿ ಬಿಪಿ, ಶುಗರ್, ಆಕ್ಸಿಜನ್ ಎಷ್ಟಿದೆ ಎಂದು ಎಲ್ಲರೂ ಕೇಳುತ್ತೀರಿ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: 'ಸಿಸ್ಟರ್, ಬೆನ್ನು, ಹಿಮ್ಮಡಿ ಹೇಗಿದೆ? ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಿದಿರಿ?' ಜಗಳದ ದನಿ ಬೇಡ, ತಿಳಿಯುವ ದನಿಯಲ್ಲಿ ಕೇಳಿ. ರೋಗಿಯನ್ನು ವಾರ್ಡಿಗೆ ಕಳುಹಿಸುವ ದಿನ, ಮನೆಗೆ ಕಳುಹಿಸುವ ದಿನ, ಬೆನ್ನು ತೋರಿಸಿ ಎನ್ನಿ. ಹೊರಳಿಸುವ ಬಗೆಯನ್ನು ನಿಮ್ಮ ಕೈಯಲ್ಲೇ ಒಮ್ಮೆ ಮಾಡಿಸಿ ಕಲಿಸಿಕೊಡಿ ಎನ್ನಿ. ಸೋತ ಸ್ನಾಯುಗಳಿಗೆ ಪೂರ್ತಿ ಬಲ ಬರುವವರೆಗೆ, ಎಷ್ಟೋ ವಾರಗಳ ಕಾಲ, ಮನೆಯಲ್ಲಿ ಆ ಕೆಲಸ ನಿಮ್ಮದೇ.